‘ಹಳ್ಳಿಯಂಥ’ ಬೀದಿ ಮತ್ತು ‘ಊರುಕೇರಿ’

ಬೆಂಗಳೂರಿನ ಹಸಿರು ಮೆಟ್ರೊದಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆ ಹೊರಟರೆ ಮೊದಲು ಸಿಗುವ ನಿಲ್ದಾಣ ಶ್ರೀರಾಂಪುರ. ಮೆಟ್ಟಿಲಿಳಿದು ಒಳಗಲ್ಲಿಗಳಿಗೆ ಹೊಕ್ಕರೆ ಮಹಾನಗರ ಹಿಂದೆಲ್ಲೋ ಉಳಿದಂತಾಗುತ್ತದೆ. ಬಾಗಿಲ ಮುಂದೆ ನೀರಿನ ಡ್ರಮ್ಮು, ಹೊಸಿಲ ಮೇಲೆ ಸೊಪ್ಪು ಬಿಡಿಸುವ ಅಜ್ಜಿ, ಒಂದೇ ಮಾತಿನಲ್ಲಿ ಬೆರೆತುಹೋಗುವ ಕನ್ನಡ-ತಮಿಳು, ಅಣ್ಣಮ್ಮನನ್ನು ಕೂರಿಸಲು ಮನೆಮನೆಗೆ ಚಂದಾ ಎತ್ತುವ ಹುಡುಗರು. ಮೊದಲ ಸಲ ಹೋದಾಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ: ‘ನಗರದೊಳಗೊಂದು ಹಳ್ಳಿ.’

ನನ್ನ ಸಂಶೋಧನೆಯ ವಿಷಯ ಕನ್ನಡ ಗದ್ಯದಲ್ಲಿ ನಗರ. ಆ ಸಾಲನ್ನೇ ಹಿಗ್ಗಿಸಿ ಒಂದು ಅಧ್ಯಾಯ ಬರೆದೆ. ನಗರ ಮನುಷ್ಯರನ್ನು ಒಂಟಿಯಾಗಿಸುತ್ತದೆ, ಅದರೊಳಗೆ ಉಳಿದಿರುವ ಹಳ್ಳಿ ಅವರನ್ನು ಕಾಯುತ್ತದೆ ಎಂಬುದು ಅದರ ವಾದ. ನಮ್ಮ ವಿಮರ್ಶೆಯಲ್ಲಿ ಬಹಳ ಸಲೀಸಾಗಿ ಓಡಾಡುವ ವಾದವಿದು. ಅದನ್ನು ಓದಿದ ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲಿನಿಂದ ಎರಡೇ ಪದ ಬರೆದಿದ್ದರು: ‘ಯಾರ ಹಳ್ಳಿ?’

ಉತ್ತರಕ್ಕಾಗಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಮತ್ತೆ ಓದಿದೆ. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಂಪುರಕ್ಕೆ ಬಂದ ಹುಡುಗನ ಆತ್ಮಕಥೆ ಅದು. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಅವರಲ್ಲೊಬ್ಬ ತನ್ನ ಅಪ್ಪ. ಕೃತಿಯ ಆರಂಭದಲ್ಲೇ ಬರುವ ಈ ಚಿತ್ರವನ್ನು ಓದಿದವರು ಮರೆಯುವುದಿಲ್ಲ. ಹಳ್ಳಿ ಎಂದರೆ ಆಸರೆ ಎಂದು ನಂಬಿ ಪುಸ್ತಕ ತೆರೆದವನಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಬಗ್ಗೆ ಆಡಿದ ಕಟುವಾದ ಮಾತುಗಳಿಗೆ ಹಿಂದಿದ್ದ ಅನುಭವ ಇಂಥದ್ದೇ.

ಮುಂದೆ ನಗರ ಈ ಹುಡುಗನಿಗೆ ಏನು ಕೊಡುತ್ತದೆ? ಶಾಲೆ, ಹಾಸ್ಟೆಲ್, ಗ್ರಂಥಾಲಯ, ಭಾಷಣದ ವೇದಿಕೆ, ಮೆರವಣಿಗೆ. ಓದಲು ಜಾಗವಿಲ್ಲದವನಿಗೆ ಸ್ಮಶಾನವೇ ಓದಿನ ಕೋಣೆಯಾಗುತ್ತದೆ. ಈ ಯಾವುದೂ ‘ಹಳ್ಳಿಯಂಥದ್ದು’ ಅಲ್ಲ. ನಗರ ಅವರನ್ನು ಬೆಳೆಸಿದ್ದು ಹಳ್ಳಿಯಂತೆ ಇದ್ದುದರಿಂದಲ್ಲ, ಹಳ್ಳಿಯಂತೆ ಇಲ್ಲದ ಕಡೆಗಳಲ್ಲಿ.

ಹಾಗೆಂದು ಕೃತಿ ನೆರೆಹೊರೆಯನ್ನು ತಿರಸ್ಕರಿಸುವುದಿಲ್ಲ. ಕೊಳಗೇರಿಯ ಜಗಳ, ಹಸಿವು, ದೇವರು, ದೆವ್ವ ಎಲ್ಲವನ್ನೂ ನಗುತ್ತಲೇ ಹೇಳುತ್ತದೆ. ಈ ನಗುವಿನ ಶಕ್ತಿಯನ್ನು ಡಿ.ಆರ್. ನಾಗರಾಜ್ ಬಹಳ ಹಿಂದೆಯೇ ಗುರುತಿಸಿದ್ದರು. ನನಗೀಗ ಮುಖ್ಯವೆನಿಸುವುದು ಆ ನಗುವನ್ನು ಹಂಚಿಕೊಳ್ಳುವವರು ಯಾರು ಎಂಬುದು. ಇಲ್ಲದಿರುವುದನ್ನು ಹಂಚಿಕೊಂಡು ಹತ್ತಿರವಾದವರು ಅವರು. ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳಲ್ಲಿಯೂ ಅಪರಿಚಿತರು ಹೀಗೇ ಒಬ್ಬರಿಗೊಬ್ಬರು ಆಗುತ್ತಾರೆ, ಕುಲ ವಿಚಾರಿಸಿಕೊಂಡಲ್ಲ. ಇದು ಒಂದು ಬಗೆಯ ಆಪ್ತತೆ. ಯಾರು ಒಳಗೆ, ಯಾರು ಹೊರಗೆ ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ಒಳಗಿನವರನ್ನು ಅಕ್ಕರೆಯಿಂದ ನೋಡಿಕೊಳ್ಳುವುದು ಇನ್ನೊಂದು ಬಗೆ. ‘ಹಳ್ಳಿಯಂಥ’ ಎಂಬ ನಮ್ಮ ಮೆಚ್ಚಿನ ವಿಶೇಷಣ ಈ ಎರಡನ್ನೂ ಒಂದೇ ಎಂಬಂತೆ ತೋರಿಸುತ್ತದೆ. ಸಿದ್ಧಲಿಂಗಯ್ಯ ಶೀರ್ಷಿಕೆಯಲ್ಲಿ ಊರನ್ನೂ ಕೇರಿಯನ್ನೂ ಸೇರಿಸಿದರು. ನಾನು ನನ್ನ ಅಧ್ಯಾಯದಲ್ಲಿ ಊರನ್ನಷ್ಟೇ ಇಟ್ಟುಕೊಂಡು ಕೇರಿಯನ್ನು ಬಿಟ್ಟಿದ್ದೆ.

ಇದು ಬರೀ ಓದಿನಿಂದ ಹೊಳೆದದ್ದು ಎಂದರೆ ಸುಳ್ಳಾಗುತ್ತದೆ. ಕಳೆದ ವರ್ಷ ಬಾಡಿಗೆ ಮನೆ ಹುಡುಕುತ್ತಿದ್ದಾಗ ಹಳೆಯ ಬಡಾವಣೆಯೊಂದರ ಓನರ್ ಆಂಟಿ ಕಾಫಿ ಕೊಟ್ಟು, “ನಮ್ ಬೀದಿ ಹಳ್ಳಿ ಇದ್ದಂಗೆ ಕಣಪ್ಪಾ, ಯಾರಿಗೆ ಏನಾದ್ರೂ ಎಲ್ಲಾ ಓಡ್ ಬರ್ತೀವಿ” ಎಂದರು. ಲೋಟ ವಾಪಸು ಕೊಡುವಾಗ, “ನೀವು ಯಾವ ಜನ?” ಎಂದು ಕೇಳಿದರು. ಹೇಳಿದೆ. ಅಡ್ವಾನ್ಸಿನಲ್ಲಿ ಎರಡು ತಿಂಗಳಿನಷ್ಟು ಕಡಿಮೆ ಮಾಡಿದರು. ಹಿಂದಿನ ವಾರ ಅದೇ ಮನೆ ಕೇಳಲು ಹೋಗಿದ್ದವನು ನನ್ನ ಜೊತೆಯಲ್ಲೇ ಸಂಶೋಧನೆ ಮಾಡುವ ಗೆಳೆಯ. ಅವನಿಗೂ ಆ ಪ್ರಶ್ನೆ ಕೇಳಿದ್ದರು, ಅವನೂ ಮುಚ್ಚಿಡದೆ ಹೇಳಿದ್ದ. ಮನೆ ಆಗಲೇ ಕೊಟ್ಟಾಯ್ತು ಎಂದು ಕಳಿಸಿದ್ದರು. ನಾನು ಹೋದ ದಿನವೂ ಗೇಟಿನಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ನೇತಾಡುತ್ತಿತ್ತು.

ಅಧ್ಯಾಯವನ್ನು ಹರಿದು ಹೊಸದಾಗಿ ಬರೆಯುತ್ತಿದ್ದೇನೆ. ವಿಮರ್ಶೆಯಲ್ಲಿ ತಿದ್ದಿಕೊಳ್ಳುವುದು ಅಷ್ಟು ಕಷ್ಟವಲ್ಲ. ಆದರೆ ಆ ಮನೆಯನ್ನು ನಾನು ಬೇಡವೆನ್ನಲಿಲ್ಲ. ಈ ಲೇಖನ ಬರೆಯುತ್ತಿರುವುದೂ ಅಲ್ಲಿಯೇ ಕೂತು. ಜ್ವರ ಬಂದಾಗ ಆಂಟಿ ನಿಜವಾಗಿಯೂ ಗಂಜಿ ಕಾಯಿಸಿ ತಂದುಕೊಟ್ಟರು. ಗೆಳೆಯ ಇನ್ನೂ ಈ ಮನೆಗೆ ಬಂದಿಲ್ಲ. ನಾನೂ ಕರೆದಿಲ್ಲ.