ಅಟ್ಟದ ನಾಯಿಯ ಚೆಲುವು

ಹಿಂಗಾರಿ ಪೀಕು ಮನೆ ಸೇರಿ ಯರಗುಪ್ಪಿಯ ಎರೆಹೊಲಗಳು ಬಯಲಾದವೆಂದರೆ ಕುರಿಹಿಂಡುಗಳಿಗೆ ಕರೆ ಬರುತ್ತದೆ. ಜೋಳದ ಕೂಳೆ, ಉದುರಿದ ಕಡಲೆ, ಬದುವಿನ ಹುಲ್ಲು ಕುರಿಗೆ. ರಾತ್ರಿ ಬಿದ್ದ ಹಿಕ್ಕೆ, ಗಂಜಲ ಹೊಲಕ್ಕೆ. ಕುರಿ ತರುಬಿಸಿಕೊಂಡ ರೈತ ಕುರುಬನಿಗೆ ಕಾಳನ್ನೋ ರೊಕ್ಕವನ್ನೋ ಕೊಡುತ್ತಾನೆ. ಈ ವ್ಯವಹಾರದಲ್ಲಿ ಯಾರ ಲೆಕ್ಕಕ್ಕೂ ಸಿಗದ ಇನ್ನೊಬ್ಬ ಪಾಲುದಾರ ಕುರಿ ಕೂಡಿದ ಬಲೆಯ ಹೊರಗೆ ಕರಿಮಣ್ಣಿನಲ್ಲಿ ಮೈಚೆಲ್ಲಿ ಮಲಗಿರುತ್ತಾನೆ. ಅವನ ಕೂಲಿ ಒಂದೆರಡು ರೊಟ್ಟಿ, ಒಂದಿಷ್ಟು ನುಚ್ಚು.

ನೋಡಿದ ಕೂಡಲೇ ಮನಸೆಳೆಯುವ ನಾಯಿಯಲ್ಲ ಇದು. ನಮ್ಮ ಸೀಮೆಯ ಕಣ್ಣಿಗೆ ನಾಯಿಯ ಚೆಲುವೆಂದರೆ ಮುಧೋಳದ್ದು: ನೀಳ ಮೋರೆ, ಸೆಳೆದ ಹೊಟ್ಟೆ, ಬಿಟ್ಟರೆ ಬಾಣ. 2005ರಲ್ಲಿ ಅದರ ಚಿತ್ರ ಅಂಚೆಚೀಟಿಯ ಮೇಲೂ ಬಂತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೇ ಇದೆ. ತಕರಾರಿಲ್ಲ. ಆದರೆ ಅದು ಕಂಡದ್ದನ್ನು ಅಟ್ಟುವ ಚೆಲುವು.

ಬಾರ್ಡರ್ ಕೋಲಿ ಎಂಬ ಕುರಿನಾಯಿಯದೂ ಒಂದರ್ಥದಲ್ಲಿ ಅದೇ. 1893ರಲ್ಲಿ ಇಂಗ್ಲೆಂಡಿನ ನಾರ್ಥಂಬರ್ಲೆಂಡಿನಲ್ಲಿ ಆಡಂ ಟೆಲ್ಫರ್ ಎಂಬಾತನ ಬಳಿ ಹುಟ್ಟಿದ ಓಲ್ಡ್ ಹೆಂಪ್ ಆ ತಳಿಯ ಮೂಲಪುರುಷ. ಬೊಗಳದೆ, ಬರೀ ದಿಟ್ಟ ನೋಟದಿಂದ ಹಿಂಡು ಸರಿಸುವುದು ಅದರ ಹೆಚ್ಚುಗಾರಿಕೆ. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಎಲ್ಲವೂ ಬೇಟೆಯ ನಡೆಗಳೇ. ಕೊಲ್ಲುವ ಕೊನೆಯ ನಡೆಯನ್ನಷ್ಟೇ ಮನುಷ್ಯ ತಲೆಮಾರುಗಳ ಆಯ್ಕೆಯಿಂದ ತಡೆದಿದ್ದಾನೆ. ನಮ್ಮ ಹಿಂಡಿಗೆ ಅಂಥ ನಾಯಿ ಬೇಕಿಲ್ಲ. ನಡೆಸುವುದಕ್ಕೆ ಕುರುಬನ ಸೀಟಿ, ಕೂಗು, ಕೋಲು ಸಾಕು. ನಾಯಿಯ ಪಾಳಿ ರಾತ್ರಿಯದು, ಎದುರಾಳಿ ತೋಳ, ಇಲ್ಲವೇ ಕಳ್ಳ.

ಅಟ್ಟದೆ ಕಾಯುವ ಈ ಗುಣ ಬರುವುದು ಹಟ್ಟಿಯಲ್ಲೇ. ಮರಿಯಿದ್ದಾಗಲೇ ಅದು ಕುರಿಮರಿಗಳ ನಡುವೆ ಮಲಗಿ, ಉಣ್ಣೆಯ ವಾಸನೆಯಲ್ಲಿ ಬೆಳೆದಿರುತ್ತದೆ. ಕುರಿ ಅದಕ್ಕೆ ಬೇಟೆಯಲ್ಲ, ಬಳಗ. ಕತ್ತಲಾದ ಮೇಲೆ ಕೂತು ನೋಡಬೇಕು. ಕುರಿಯೊಂದು ಬೆನ್ನು ತುಳಿದುಕೊಂಡು ಹೋದರೂ ಕಣ್ಣು ಬಿಡದ ಪ್ರಾಣಿ, ದೂರದ ಬದುವಿನಲ್ಲಿ ಹೊಸ ಹೆಜ್ಜೆಯ ಸದ್ದಾದರೆ ಸಾಕು, ಮೊದಲು ಒಂದು ಕಿವಿ ತಿರುಗಿಸುತ್ತದೆ. ಆಮೇಲೆ ತಲೆ. ಆಮೇಲೆ ಇಡೀ ಮೈ ಎದ್ದು ನಿಲ್ಲುತ್ತದೆ. ಮೊದಲ ಬೊಗಳು ಎದೆಯೊಳಗಿಂದ ಬರುವಂಥದು. ಹಟ್ಟಿಯ ಆಚೆ ಬದಿಯಿಂದ ಜೋಡಿನಾಯಿ ಓಗೊಡುತ್ತದೆ. ಇದು ಹತ್ತು ಹೆಜ್ಜೆ ಮುನ್ನುಗ್ಗಿ, ತಟ್ಟನೆ ನಿಂತುಬಿಡುತ್ತದೆ. ನನಗೆ ಮೆಚ್ಚುಗೆಯಾಗುವುದು ಆ ನಿಲುಗಡೆ. ಮುಂದಕ್ಕೆ ಅಟ್ಟಿಕೊಂಡು ಹೋದರೆ ಹಿಂದಿನಿಂದ ಇನ್ನೊಂದು ತೋಳ ಬಲೆಗೆ ಬಾಯಿ ಹಾಕಬಹುದು. ಓಡುವ ಶಕ್ತಿಯಿದ್ದೂ ಓಡದಿರುವುದು ಸಣ್ಣ ವಿದ್ಯೆಯಲ್ಲ.

ಕುರುಬರು ನಡೆದುಕೊಳ್ಳುವ ಮೈಲಾರಲಿಂಗನ ಒಕ್ಕಲು ನಾಯಿಯ ಬೆಲೆ ಬಲ್ಲದು. ಮೈಲಾರ, ದೇವರಗುಡ್ಡಗಳಲ್ಲಿ ಅವನ ಸೇವಕರಾದ, ಕಂಬಳಿ ತೊಟ್ಟ ಗೊರವರು ದೇವರ ನಾಯಿಗಳಾಗಿ ಬೊಗಳುತ್ತಾರೆ. ದೋಣಿ ಎಂಬ ಪಾತ್ರೆಗೆ ಹಾಕಿದ ಹಾಲು, ಬಾಳೆಹಣ್ಣಿಗೆ ಹಾಗೆಯೇ ಬಾಯಿ ಹಾಕುತ್ತಾರೆ. ನಾಯಿ ಅನ್ನುವುದನ್ನೇ ಬೈಗುಳ ಮಾಡಿಕೊಂಡ ನಾಡಿನಲ್ಲಿ ನಾಯಿಯಾಗುವುದೂ ಒಂದು ಸೇವೆ!

ಹಟ್ಟಿಯ ನಾಯಿಗೆ ವಂಶಾವಳಿಯ ಕಾಗದವಿಲ್ಲ. ಕುರಿಮರಿಗೆ ಹಲ್ಲು ತೋರಿಸಿದ್ದು ಹಿಂಡಿನಲ್ಲಿ ಉಳಿಯದು. ತೋಳಕ್ಕೆ ಎದುರು ನಿಂತದ್ದರ ಮರಿಯನ್ನು ಬೀಗರು ಕೇಳಿ ಒಯ್ಯುತ್ತಾರೆ. ಬಣ್ಣ, ಬಾಲ, ಕಿವಿ ಹೇಗಾದರೂ ಇರಲಿ. ಶ್ವಾನಪ್ರದರ್ಶನದಲ್ಲಿ ಇದಕ್ಕೆ ಬಹುಮಾನ ಬರುವ ಸಂಭವವಂತೂ ಇಲ್ಲ. ಗುರುತಿಲ್ಲದ ತೀರ್ಪುಗಾರರು ಹತ್ತಿರ ಬಂದು ಮೈ ಮುಟ್ಟಲು ಮೊದಲು ಇದು ಬಿಡಬೇಕಲ್ಲ.