ಅಚ್ಛೋದದ ಕಣ್ಣೀರು, ಬೇಥಾನ್ಯದ ಕಣ್ಣೀರು

‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳೆಂದು ಹೆಸರಿಸುವ ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು. ಆ ಕನ್ನಡದಲ್ಲಿ ಪ್ರೇಮ, ಶೋಕ, ಅಲೌಕಿಕಗಳನ್ನು ಒಂದಾಗಿ ಹೆಣೆದ ಹಿರಿಯ ಕೃತಿ ‘ಕರ್ಣಾಟಕ ಕಾದಂಬರಿ’. ಬಾಣನೂ ಅವನ ಮಗನೂ ಸಂಸ್ಕೃತದಲ್ಲಿ ರಚಿಸಿದ ಕಥೆಯನ್ನು ಒಂದನೆಯ ನಾಗವರ್ಮನು ಇದರಲ್ಲಿ ಚಂಪೂವಾಗಿ ಕನ್ನಡಿಸಿದ್ದಾನೆ.

ಪುಂಡರೀಕನು ವಿರಹದಿಂದ ಸತ್ತಾಗ ಮಹಾಶ್ವೇತೆ ಚಿತೆಯೇರಲು ಸಿದ್ಧಳಾಗುತ್ತಾಳೆ. ಚಂದ್ರಮಂಡಲದಿಂದಿಳಿದ ದಿವ್ಯಪುರುಷನು ಪುನರ್ಮಿಲನದ ಮಾತು ಕೊಟ್ಟು, ಶವವನ್ನೆತ್ತಿಕೊಂಡು ಮರೆಯಾಗುತ್ತಾನೆ. ಅವಳು ಅಚ್ಛೋದ ಸರೋವರದ ತೀರದಲ್ಲಿ ತಪಸ್ವಿನಿಯಾಗಿ ಉಳಿಯುತ್ತಾಳೆ. ಮುಂದೆ, ಗೆಳೆಯನ ಅಳಿವನ್ನು ಕೇಳಿ ಎದೆಯೊಡೆದ ಚಂದ್ರಾಪೀಡನ ಕೆಡದ ದೇಹವನ್ನು ಕಾದಂಬರಿ ಕಾಯುತ್ತಾಳೆ. ಕೊನೆಗೆ ಅವಳ ಸ್ಪರ್ಶದಿಂದ ಅವನು ಏಳುತ್ತಾನೆ.

ಈ ಕಾಯುವಿಕೆಯನ್ನು ನಾವು ಬಹುವಾಗಿ ಮೆಚ್ಚುತ್ತೇವೆ. ವಾಗ್ದಾನವು ಮಹಾಶ್ವೇತೆಯ ಕಣ್ಣೀರನ್ನು ನಿಲ್ಲಿಸುವುದಿಲ್ಲ; ಅಳುತ್ತಲೇ ಬದುಕುವ ಬಲವನ್ನು ಅವಳಿಗೆ ಕೊಡುತ್ತದೆ. ಆದರೆ ದೇಹವೇ ಕೆಡದಿದ್ದರೆ ಸಾವು ಸೋತದ್ದು ಹೇಗೆ? ಇಲ್ಲಿ ಮರಣವು ಶಾಪದ ಒಂದು ತಿರುವು. ಶಾಪ ತೀರಿದೊಡನೆ ಅದೂ ತೀರುತ್ತದೆ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಾದರೋ, ಲಾಜರನು ಸತ್ತು ನಾಲ್ಕು ದಿನಗಳಾದವು, ನಾತ ಹುಟ್ಟಿದೆಯೆಂದು ಮಾರ್ಥಳು ಎಚ್ಚರಿಸುತ್ತಾಳೆ. ಅವನನ್ನು ಎಬ್ಬಿಸಲೆಂದೇ ಬಂದ ಕರ್ತನೂ ಅಲ್ಲಿ ಅಳುತ್ತಾನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಸಾವಿನ ಮನೆಯ ಹೊಸ್ತಿಲು ದಾಟುವ ಸಭಾಪಾಲಕನಿಗೆ ಮಹಾಶ್ವೇತೆಯ ತಾಳ್ಮೆಯೂ ಬೇಕು, ಬೇಥಾನ್ಯದ ಸತ್ಯವೂ ಬೇಕು. ಪುನರುತ್ಥಾನವನ್ನು ಸಾರುವ ಅವಸರದಲ್ಲಿ ಅಳುವವರ ಬಾಯಿ ಮುಚ್ಚಿಸಿದರೆ, ನಾವು ಸಾರಿದ್ದು ಕೆಡದ ದೇಹದ ಕಥೆಯನ್ನೇ ಹೊರತು ಸುವಾರ್ತೆಯನ್ನಲ್ಲ.