ಆಲಿಸುವ ಸಮುದಾಯ: ಸಂತ ಬೆನೆಡಿಕ್ಟರ ನಿಯಮಾವಳಿಯ ಒಂದು ಓದು

ಸಂನ್ಯಾಸಿಗಳ ಮಠವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಎತ್ತರದ ಗೋಡೆ ಮತ್ತು ಮೌನ. ಲೋಕದಿಂದ ದೂರ ಸರಿದವರಿಂದ ನಾವು ಕೂಡಿ ಬಾಳುವುದನ್ನು ಕಲಿಯಲು ಸಾಧ್ಯವೇ ಎಂಬ ಪ್ರಶ್ನೆ ಸಹಜವಾದುದು. ಆರನೆಯ ಶತಮಾನದಲ್ಲಿ ಇಟಲಿಯ ಮಾಂಟೆ ಕಸಿನೊ ಬೆಟ್ಟದ ಮೇಲೆ ಮಠವನ್ನು ಸ್ಥಾಪಿಸಿದ ಸಂತ ಬೆನೆಡಿಕ್ಟರ ನಿಯಮಾವಳಿಯನ್ನು ಈ ಪ್ರಶ್ನೆಯೊಡನೆ ಓದಬೇಕು. 73 ಅಧ್ಯಾಯಗಳ ಈ ಕಿರುಗ್ರಂಥವು ಪ್ರಾರ್ಥನೆಯ ಕ್ರಮದೊಂದಿಗೆ ಊಟ, ನಿದ್ರೆ, ದುಡಿಮೆ, ಅಡುಗೆಮನೆಯ ಸರದಿ, ರೋಗಿಗಳ ಆರೈಕೆಯ ಬಗೆಗೂ ಮಾತನಾಡುತ್ತದೆ. ಒಂದೇ ಸೂರಿನಡಿ ಬಾಳುವವರ ಕಷ್ಟವನ್ನು ಬಲ್ಲವರ ಬರವಣಿಗೆ ಇದು.

ಆಲಿಸಬೇಕೆಂಬ ಕರೆಯಿಂದಲೇ ಗ್ರಂಥ ಆರಂಭವಾಗುತ್ತದೆ. ಶಿಷ್ಯನು ಗುರುವಿಗೆ ಕಿವಿಗೊಡಬೇಕೆಂಬುದು ಅದರ ನೇರ ಅರ್ಥ. ಹೀಗಾಗಿ ಇದನ್ನು ವಿಧೇಯತೆಯ ಗ್ರಂಥವೆಂದಷ್ಟೇ ಓದುವ ವಾಡಿಕೆಯಿದೆ. ಆದರೆ ಮೂರನೆಯ ಅಧ್ಯಾಯದಲ್ಲಿ ಆಲಿಸುವ ಹೊಣೆ ಮಠಾಧಿಪತಿಯ ಮೇಲೆ ಬೀಳುತ್ತದೆ. ಮಹತ್ವದ ವಿಷಯ ಬಂದಾಗ ಆತ ಇಡೀ ಸಮುದಾಯವನ್ನು ಕರೆದು ಎಲ್ಲರ ಸಲಹೆಯನ್ನು ಕೇಳಬೇಕು. ಏಕೆಂದರೆ ಉತ್ತಮವಾದುದನ್ನು ದೇವರು ಅನೇಕ ವೇಳೆ ಕಿರಿಯರಿಗೆ ತಿಳಿಯಪಡಿಸುತ್ತಾರೆ. ಮಠದಲ್ಲಿ ಸೋದರರ ಸ್ಥಾನಕ್ರಮವನ್ನು ವಯಸ್ಸಾಗಲಿ ಕುಲವಾಗಲಿ ನಿರ್ಧರಿಸುವುದಿಲ್ಲ, ಸಾಮಾನ್ಯವಾಗಿ ಮಠ ಸೇರಿದ ದಿನವೇ ನಿರ್ಧರಿಸುತ್ತದೆ. ದಾಸರೂ ಒಡೆಯರೂ ಇದ್ದ ಅಂದಿನ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಹೊರಗಿನಿಂದ ಬಂದ ಸಂನ್ಯಾಸಿಯೊಬ್ಬ ವಿನಯದಿಂದ ದೋಷವನ್ನು ತೋರಿಸಿದರೆ, ಆತನನ್ನು ದೇವರೇ ಅದಕ್ಕಾಗಿ ಕಳುಹಿಸಿರಬಹುದೇ ಎಂದು ಮಠಾಧಿಪತಿ ಯೋಚಿಸಬೇಕೆಂದು 61ನೆಯ ಅಧ್ಯಾಯ ಹೇಳುತ್ತದೆ.

ಹಾಗೆಂದು ಈ ಗ್ರಂಥವನ್ನು ವಿಮರ್ಶೆಯಿಲ್ಲದೆ ಒಪ್ಪಲಾಗದು. ಬಾಲಕರಿಗೆ ಅದು ವಿಧಿಸುವ ಏಟಿನ ಶಿಕ್ಷೆಯನ್ನು ಇಂದು ಯಾರೂ ಸಮರ್ಥಿಸಲಾರರು. ಸಲಹೆ ಎಲ್ಲರದಾದರೂ ತೀರ್ಮಾನ ಒಬ್ಬರದೇ. ಯಾರೂ ತಮ್ಮ ಅಭಿಪ್ರಾಯವನ್ನು ಹಟದಿಂದ ಸಮರ್ಥಿಸಿಕೊಳ್ಳಬಾರದೆಂದೂ ಅದು ವಿಧಿಸುತ್ತದೆ. ಹಟ ಯಾವುದು, ಅಂತಃಕರಣದ ನಿಷ್ಠೆ ಯಾವುದು ಎಂದು ಅಳೆಯುವವರು ಯಾರು? ಅಧಿಕಾರದಲ್ಲಿರುವವರೇ ಆದರೆ ಸಲಹೆಗೆ ಬೆಲೆಯೇನು?

ಈ ಅಪಾಯವನ್ನು ಬೆನೆಡಿಕ್ಟರು ಅರಿಯದವರಲ್ಲ. ಮಠಾಧಿಪತಿ ದೇವರಿಗೆ ಲೆಕ್ಕ ಒಪ್ಪಿಸಬೇಕೆಂದು ಅವರು ಮತ್ತೆ ಮತ್ತೆ ನೆನಪಿಸುತ್ತಾರೆ. 64ನೆಯ ಅಧ್ಯಾಯದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಸಮುದಾಯವೇ ಒಗ್ಗೂಡಿ ತನ್ನ ದೋಷಗಳಿಗೆ ಕಣ್ಮುಚ್ಚುವವನನ್ನು ಆರಿಸಿದರೆ, ವಿಷಯ ತಿಳಿದ ಧರ್ಮಾಧ್ಯಕ್ಷರು, ನೆರೆಯ ಮಠಾಧಿಪತಿಗಳು ಅಥವಾ ಸುತ್ತಲಿನ ಕ್ರೈಸ್ತರು ಅದನ್ನು ತಡೆಯಬೇಕು. ಈ ವಿಧಿ ಆಯ್ಕೆಗೆ ಮಾತ್ರ ಸಂಬಂಧಿಸಿದ್ದು ನಿಜ. ಆದರೂ ಗೋಡೆಯಾಚೆಯ ಸಾಮಾನ್ಯ ವಿಶ್ವಾಸಿಗೂ ಮಠದ ಒಳಿತಿನಲ್ಲಿ ಪಾಲುಂಟೆಂದು ಒಪ್ಪಿದ ಈ ಮಾತು ನಮ್ಮ ಗಮನಕ್ಕೆ ಅರ್ಹವಾಗಿದೆ.

2021ರಿಂದ 2024ರವರೆಗೆ ನಡೆದ ಸಿನೊಡ್ ಪ್ರಕ್ರಿಯೆ ಇಡೀ ಧರ್ಮಸಭೆಯನ್ನು ಪರಸ್ಪರ ಆಲಿಸುವಂತೆ ಕರೆಯಿತು. ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ಏನಾಗುತ್ತಿದೆ? ನಾಲ್ವರು ಮೊದಲೇ ತೀರ್ಮಾನಿಸಿ, ಬಳಿಕ ಒಪ್ಪಿಗೆಗಾಗಿ ಸಭೆ ಕರೆಯುವುದು ಅಪರೂಪವಲ್ಲ. ಹಬ್ಬದ ಚಪ್ಪರ ಹಾಕಲು ಯುವಕರು ಬೇಕು, ದೇವಾಲಯ ಶುಚಿಗೊಳಿಸಲು ಮಹಿಳೆಯರು ಬೇಕು. ಸಲಹೆಗೆ ಅವರ ನೆನಪಾಗುವುದಿಲ್ಲ. ಕೆಲಸ ಅರಸಿ ನಿನ್ನೆ ಮೊನ್ನೆ ಊರಿಗೆ ಬಂದ ಕುಟುಂಬದ ಮಾತಂತೂ ದೂರವೇ ಉಳಿಯಿತು. ಹೀಗೆ ಕಡೆಗಣಿಸಲ್ಪಟ್ಟವರಲ್ಲಿ ಅನೇಕರು ಜಗಳವಾಡುವುದಿಲ್ಲ, ಸದ್ದಿಲ್ಲದೆ ಬರುವುದನ್ನು ನಿಲ್ಲಿಸುತ್ತಾರೆ. ಆ ಸದ್ದಿಲ್ಲದಿರುವಿಕೆಯನ್ನು ನಾವು ಶಾಂತಿಯೆಂದು ತಿಳಿಯುತ್ತೇವೆ.

ಬೆಂಗಳೂರಿನ ಕೆಂಗೇರಿ ಬಳಿಯ ಆಶೀರ್ವನಂ ಮಠದಲ್ಲಿ ಬೆನೆಡಿಕ್ಟರ ಅನುಯಾಯಿಗಳಿದ್ದಾರೆ. ಆದರೆ ಈ ನಿಯಮಾವಳಿಯ ಮೂರನೆಯ ಅಧ್ಯಾಯ ಸಂನ್ಯಾಸಿಗಳಿಗಷ್ಟೇ ಮೀಸಲಲ್ಲ. ಪಾಲನಾ ಪರಿಷತ್ತಿನ ಮುಂದಿನ ಸಭೆಯಲ್ಲಿ ಹಿರಿಯರು ಅಭಿಪ್ರಾಯ ಹೇಳುವ ಮುನ್ನ ಕಿರಿಯರನ್ನು ಕೇಳೋಣ. ಅವರ ಸಲಹೆಯನ್ನು ಒಪ್ಪದಿದ್ದರೆ, ಏಕೆ ಒಪ್ಪಲಿಲ್ಲವೆಂದು ತಿಳಿಸೋಣ. ನಿಯಮಾವಳಿ ಹೇಳದೆ ಬಿಟ್ಟ ಆ ಎರಡನೆಯ ಕೆಲಸವನ್ನು ನಾವು ಸೇರಿಸಿಕೊಳ್ಳಬೇಕಾಗಿದೆ.